ಪೆನ್ಸಿಲಿನಲ್ಲಿ ಬರೆದ ಹೆಸರು

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬರುತ್ತಿದ್ದ ವಿಲ್ಫ್ ಥ್ಯಾಕ್ರೆ.
ಸೋಹೋದ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು,
ಒಂದೊಂದಕ್ಕೂ ಗಿಟಾರಿನ ಪೆಟ್ಟಿಗೆ ತಾಗಿ
ಢಬ್, ಢಬ್.
ನನಗಾಗ ಹತ್ತೊಂಬತ್ತು. ಟೇಪು ಸುತ್ತುವ,
ಬೂದಿಬಟ್ಟಲು ಬರಿದು ಮಾಡುವ ಹುಡುಗ.
ಎಂಟನೇ ಢಬ್ಬಿಗೆ ಕೆಟಲ್ ಇಡುತ್ತಿದ್ದೆ.

ಗ್ರಿಮ್ಸ್‌ಬಿಯವನು. ಅಪ್ಪ ಬಲೆ ಹೆಣೆಯುವವ,
ಅಮ್ಮ ಮೀನಿನ ಹೊಟ್ಟೆ ಸೀಳುವವಳು.
ಮೊದಲ ವಾದ್ಯ ಚಹಾಪುಡಿಯ ಮರದ ಡಬ್ಬ,
ಪೊರಕೆಯ ಕೋಲು, ಅಪ್ಪನ ಬಲೆಯಿಂದ ಕದ್ದ ಹುರಿ.
‘ಮಂಜಿನಲ್ಲಿ ಹಡಗು ಕೂಗುತ್ತದಲ್ಲ,
ಆ ಸ್ವರಕ್ಕೆ ಬಿಗಿದುಕೊಂಡೆ’ ಅನ್ನುತ್ತಿದ್ದ.
ಆಮೇಲೆ ತನಗೇ ನಂಬಿಕೆಯಿಲ್ಲದವನಂತೆ
ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ.

ಮೂರು ಗಂಟೆ, ನಾಲ್ಕು ಹಾಡು, ಒಂಬತ್ತು ಪೌಂಡು.
ಕಂದು ಲಕೋಟೆ, ರಸೀತಿಗೆ ಸಹಿ.
ಯಾರ ಹಾಡೆಂದು ಕೇಳುತ್ತಿರಲಿಲ್ಲ,
ಯಾವ ಶ್ರುತಿ ಎಂದಷ್ಟೇ.

ಒಮ್ಮೆ ನಡುಹಾಡಿನಲ್ಲಿ ಸೀನು ಬಂತು ಅವನಿಗೆ.
ಎರಡೇ ಎರಡು ಮಾತ್ರೆ ಕೈ ನಿಂತದ್ದು.
ಡ್ರಮ್ಮು ಇತ್ತು, ಪಿಯಾನೊ ಇತ್ತು,
ಹಾಡುವವಳು ತಾರಸ್ಥಾಯಿಯಲ್ಲಿದ್ದಳು,
ಆದರೂ ಇಡೀ ಹಾಡು
ಹಗ್ಗ ಬಿಚ್ಚಿದ ದೋಣಿಯಾಗಿ ತೇಲತೊಡಗಿತು.
ಅವಳು ಕಣ್ಣು ತೆರೆದು ಸುತ್ತ ನೋಡಿದಳು,
ಯಾರೋ ಕೋಣೆಯಿಂದ ಹೊರಗೆ ಹೋದರೇನೋ ಅಂತ.

ಮಖಮಲ್ಲಿನ ಕೋಟಿನ ಹುಡುಗರು ಬಂದರು.
ಅವರಲ್ಲೊಬ್ಬ ಬೇಸ್ ವಾದಕ, ಮಹಾ ಚೆಲುವ,
ಸೋಫಾದಲ್ಲಿ ಕೂತು ವಿಲ್ಫನ ಬೆರಳನ್ನೇ ನೋಡುತ್ತಿದ್ದ.
ಶನಿವಾರ ಟೀವಿಯಲ್ಲಿ
ಅದನ್ನು ತಾನೇ ನುಡಿಸಿದಂತೆ ನಟಿಸಬೇಕಿತ್ತು.
ಬಿಡುವಿನಲ್ಲಿ ಅವನ ಪಕ್ಕ ಹೋಗಿ ಕೂತ ವಿಲ್ಫ್:
‘ಇಲ್ಲಿ ಒತ್ತು ಮಗಾ, ಐದನೇ ಮನೆಯಲ್ಲಿ.
ಕ್ಯಾಮೆರಾ ಹತ್ತಿರ ಬಂದರೆ ತಲೆ ಕೊಡವು,
ಜನ ಕೂದಲು ನೋಡುತ್ತಾರೆ.’

ಅವನೂ ಒಮ್ಮೆ ಬೆಳಕಿಗೆ ಹೋಗಿದ್ದ,
ಹನ್ನೊಂದು ತಿಂಗಳು, ಒಂದು ರಾಕ್ ತಂಡದ ಜೊತೆ.
ಹ್ಯಾಂಬುರ್ಗ್, ಗೋಥೆನ್‌ಬರ್ಗ್,
ಹಿಮದಲ್ಲಿ ಮಗುಚಿದ ವ್ಯಾನು.
ಎಡಗಿವಿ ಅಲ್ಲೇ ಎಲ್ಲೋ ಉಳಿಯಿತು.
ಏಕೆ ಬಿಟ್ಟೆ ಅಂದರೆ ನಗುತ್ತಿದ್ದ:
‘ದೀಪ ನನ್ನ ಮೇಲೆ ತಿರುಗಿದ ದಿನ
ತಾಳ ತಪ್ಪಿದೆ ಕಣೋ.’
ಕಾರಣ ಅದೊಂದೇ ಅಲ್ಲ. ಹೆಂಡತಿ ಆಡ್ರಿ
ಆ ಚಳಿಗಾಲ ಮನೆಯ ಬೀಗ ಬದಲಿಸಿದ್ದಳು.

ಆಮೇಲೆ ಯಂತ್ರ ಬಂತು.
ಸೀನದ, ಚಹಾ ಕೇಳದ, ಲಕೋಟೆ ಬೇಡದ ಯಂತ್ರ.
ವಾರಕ್ಕೆ ಹನ್ನೆರಡು ಕರೆ ಇದ್ದದ್ದು ಮೂರಾಯಿತು,
ಮೂರಿದ್ದದ್ದು ಕ್ರಿಸ್ಮಸ್ ಕಾರ್ಡಾಯಿತು.
ವಿಲ್ಫ್ ಟ್ಯಾಕ್ಸಿ ಓಡಿಸಿದ.
ಒಂದು ರಾತ್ರಿ ಕ್ರಾಯ್ಡನ್ ದಾರಿಯಲ್ಲಿ
ರೇಡಿಯೊದಲ್ಲಿ ಅವನದೇ ಬೆರಳು.
ಹಿಂದಿನ ಸೀಟಿನಾತ ಅಂದ:
‘ಆ ಧಬಧಬ ಸ್ವಲ್ಪ ಕಮ್ಮಿ ಮಾಡಪ್ಪ, ತಲೆನೋವು.’
ಕಮ್ಮಿ ಮಾಡಿದ.
ಇದನ್ನು ಅವನೇ ಹೇಳಿದ್ದು ನನಗೆ, ಆಸ್ಪತ್ರೆಯಲ್ಲಿ.
ಬೆರಳು ಮಾತ್ರ ಹೊದಿಕೆಯ ಮೇಲೆ
ಏನನ್ನೋ ಎಣಿಸುತ್ತಲೇ ಇತ್ತು.

ಸ್ಟುಡಿಯೊ ಈಗ ಹಾಸಿಗೆ ಮಾರುವ ಅಂಗಡಿ.
ಟೇಪುಗಳನ್ನು ಕಸದ ತೊಟ್ಟಿಗೆ ಸುರಿಯುವಾಗ
ಏಳು ಡಬ್ಬ ಎತ್ತಿಕೊಂಡು ಬಂದೆ.
ಮೇಲೆ ನನ್ನದೇ ಕೋಳಿಕಾಲಿನ ಅಕ್ಷರ:
ಹಾಡುವವರ ಹೆಸರು ಪೆನ್ನಿನಲ್ಲಿ,
ಮೂರನೇ ಸಾಲು ಪೆನ್ಸಿಲಿನಲ್ಲಿ, ‘ಬೇಸ್, ವಿ. ಥ್ಯಾ.’
ಪೆನ್ಸಿಲೇ ಆಗಬೇಕೆಂದು ನಿಯಮ.
ವಾದಕರು ಬದಲಾಗಬಹುದಲ್ಲ.

ಹೋದ ತಿಂಗಳು ಒಂದನ್ನು ಹೊಸದಾಗಿ ತಿದ್ದಲು
ಇಬ್ಬರು ಹುಡುಗಿಯರು ಕೇಳಿ ಪಡೆದರು.
ಅವನ ಪಥವನ್ನಷ್ಟೇ ಬಿಡಿಸಿ ನುಡಿಸಿದರು.
ಕುರ್ಚಿಯ ಕಿರುಗು. ಉಸಿರು.
ಎಣಿಕೆಗೆ ಮೊದಲು, ಮೈಕಿನಿಂದ ದೂರ, ಒಂದು ದನಿ:
‘ಕೆಟಲ್ ಇಟ್ಟೆಯೇನೋ, ಹುಡುಗಾ?’

ಯಾರಿದು ಅಂದರು. ಹೇಳಿದೆ.
ಒಬ್ಬಳು ಹೆಸರು ಬರೆದುಕೊಂಡಳು, ಅಕ್ಷರ ಕೇಳಿ ಕೇಳಿ.
ಇನ್ನೊಬ್ಬಳು ಆ ಏಳು ಸೆಕೆಂಡು ಕತ್ತರಿಸಿದಳು.
ತಪ್ಪೇನಿಲ್ಲ,
ಹಾಡು ಶುರುವಾಗುವುದು ಅಲ್ಲಿಂದಾಚೆ.