ನಾಲ್ಕು ಬಾಯಿಯ ಡಬ್ಬಿ

ಭಾಗ್ಯನಗರದ ನಮ್ಮ ಓಣಿಯಲ್ಲಿ
ಮನೆ ಈ ಕಡೆ, ಶೆಡ್ಡು ಆ ಕಡೆ.
ನಡುವೆ ಹನ್ನೊಂದು ಹೆಜ್ಜೆ, ಒಂದು ಗಟಾರ,
ಯಾರದೂ ಅಲ್ಲದ ಒಂದು ಬೇವಿನ ಗಿಡ.

ಇಂಟರ್ನೆಟ್ಟು ಬಂದು ನಿಂತಿರುವುದು ಮನೆಯ ಪಡಸಾಲೆಯಲ್ಲಿ,
ದೇವರ ಮಾಡಕ್ಕಿಂತ ಒಂದು ಗೇಣು ಕೆಳಗೆ.
ಬೇಕಾಗಿರುವುದು ಶೆಡ್ಡಿನಲ್ಲಿ:
ತೂಕದ ಯಂತ್ರಕ್ಕೆ, ಚೀಟಿ ಒತ್ತುವ ಪ್ರಿಂಟರಿಗೆ,
ಕ್ಯಾಮೆರಾದ ಕರಿ ಪೆಟ್ಟಿಗೆಗೆ.
ಮೂರೂ ಹಳೆಯವು, ಗಾಳಿಯ ಮಾತು ತಿಳಿಯದವು.
ಬೆನ್ನಿಗೆ ಒಂದೊಂದು ಚೌಕದ ತೂತು,
ತಂತಿ ಇಟ್ಟರಷ್ಟೇ ಬಾಯಿ ಬಿಡುವವು.

ಮೊದಲ ತಂತಿಯನ್ನು ಓಣಿಯ ಮೇಲೆ ಎಳೆದೆವು.
ಮೇವಿನ ಟ್ರ್ಯಾಕ್ಟರು ಅದನ್ನೂ ಮೇವಿನ ಜೊತೆ ಕೊಂಡೊಯ್ದಿತು.
ಎರಡನೆಯದನ್ನು ಗಟಾರದ ಪಕ್ಕ ಹೂಳಿದೆವು.
ಹೆಗ್ಗಣ.
ಮೂರನೆಯದರ ಮಾತು ಯಾರೂ ಎತ್ತಲಿಲ್ಲ.

ಕೂದಲಿನ ಧಂದೆ ನಮ್ಮದು.
ಬಾಚಣಿಕೆಗೆ ಬಂದದ್ದು, ಗೋಡೆಯ ಸಂದಿಯಲ್ಲಿ ಸುತ್ತಿಟ್ಟದ್ದು,
ಪಿನ್ನು ಪಾತ್ರೆ ಕೊಟ್ಟು ಊರೂರು ತಿರುಗಿ ತಂದದ್ದು
ಚೀಲಗಟ್ಟಲೆ ಬಂದು ಬೀಳುತ್ತದೆ, ಗಂಟಾಗಿ, ಕಸವಾಗಿ.
ಇಪ್ಪತ್ತು ಹೆಂಗಸರು ದಬ್ಬಣ ಹಿಡಿದು ಕೂತು
ಎಳೆಯಿಂದ ಎಳೆ ಬಿಡಿಸುತ್ತಾರೆ.
ಗಂಟಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ.
ಎಳೆಯೇ ಇಲ್ಲದ ಇದನ್ನು
ಎಲ್ಲಿಂದ ಬಿಡಿಸುವುದು?

ಖಾಜಾವಲಿ ಬಂದ, ಹೆಗಲಿಗೆ ಚೀಲ, ಬಾಯಲ್ಲಿ ಸೋಂಪು.
ಅಂಗೈ ಅಗಲದ ಡಬ್ಬಿ ತೆಗೆದ.
"ಇದಕ್ಕ ಬ್ರಿಡ್ಜ್ ಅಂತಾರ್ರಿ ಅಕ್ಕಾರ.
ಈ ಮಗ್ಗಲ ಗಾಳಿ ಹಿಡಿತೈತಿ, ಆ ಮಗ್ಗಲ ತಂತಿ ಕೊಡತೈತಿ.
ನಡುವ ಗಾಳಿ ಇದ್ದದ್ದ ನಿಮ್ಮ ಮಷೀನಿಗೆ ಗೊತ್ತಾಗಂಗಿಲ್ಲ."

ಮೂಲೆಯಲ್ಲಿಟ್ಟ. ತಗಡು ಬಿಡಲಿಲ್ಲ.
ಧಗೆಯನ್ನು ಒಳಗೆ ಬಿಡುವ ತಗಡು, ಇದನ್ನು ಬಿಡಲಿಲ್ಲ.
ಆರತಿ ಎತ್ತಿದಂತೆ ಡಬ್ಬಿ ಎತ್ತಿಕೊಂಡು
ಶೆಡ್ಡೆಲ್ಲ ತಿರುಗಿದ.
ಬೇವಿನ ಕಡೆಯ ಕಿಟಕಿಯಲ್ಲಿ,
ಒಣಹಾಕಿದ ಜಡೆಗಳ ನಡುವೆ,
ಹಸಿರು ದೀಪ ಹತ್ತಿತು.

ರಾತ್ರಿಗೆ ಮತ್ತೆ ರಗಳೆ.
ಪ್ರಿಂಟರು ಮನೆಯನ್ನು ಗುರುತಿಸದು, ಮನೆ ಪ್ರಿಂಟರನ್ನು.
ಖಾಜಾವಲಿ ಫೋನಿನಲ್ಲೇ ನಕ್ಕ:
"ತಪ್ಪು ನಂದ್ರಿ. ಇದೂ ವಿಳಾಸ ಹಂಚಾಕ ಹತ್ತೈತಿ, ಅದೂ ಹಂಚಾಕ ಹತ್ತೈತಿ.
ಕೂಸು ಒಂದ, ಹೆಸರಿಡಾಕ ಸೋದರತ್ತಿ ಇಬ್ಬರು ಬಂದಾರ.
ಬ್ರಿಡ್ಜ್ ಅಂದಮ್ಯಾಲ ಸುಮ್ಮನಿರಬೇಕು. ಬಂದದ್ದು ದಾಟಿಸಬೇಕು."
ಬೆಳಿಗ್ಗೆ ಬಂದು ಅದನ್ನು ಸುಮ್ಮನಾಗಿಸಿ ಹೋದ.
ಆಮೇಲೆ ಎಲ್ಲವೂ ದಾಟಿತು.
ಹದಿನೆಂಟು ಇಂಚು, ಆರುನೂರು ಗ್ರಾಂ, ನಂಬರು ಎರಡು ಎಂದು
ಚೀಟಿಯ ಹಿಂದೆ ಚೀಟಿ.

ಆ ದಿನವೇ ಮೊದಲ ಸಲ
ಊಟದ ತಟ್ಟೆ ಮುಂದಿಟ್ಟುಕೊಂಡು
ಫೋನಿನಲ್ಲಿ ನನ್ನ ಶೆಡ್ಡನ್ನು ನೋಡಿದೆ.
ಎಲ್ಲರೂ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದರು.
ಒಳಗೆ ದುರುಗಮ್ಮ ಒಬ್ಬಳೇ.
ಬಳ್ಳಾರಿ ದವಾಖಾನೆಯಿಂದ ಬಂದಾಗಿನಿಂದ
ತಲೆಯ ಸೆರಗು ಇಳಿಸದವಳು
ಇಳಿಸಿದಳು.
ಮಣೆಯ ಮೇಲಿಂದ ಉದ್ದನೆಯದೊಂದು ಜಡೆ ತೆಗೆದು
ಹೆಗಲ ಮೇಲಿಂದ ಮುಂದಕ್ಕೆ ಬಿಟ್ಟುಕೊಂಡಳು.
ತುದಿಯನ್ನು ಬೆರಳಿಗೆ ಸುತ್ತಿದಳು.
ತೂಕದ ಯಂತ್ರದ ಸ್ಟೀಲು ತಟ್ಟೆಗೆ ಬಗ್ಗಿ
ಮುಖ ನೋಡಿಕೊಂಡಳು.
ಮತ್ತೆ ಇದ್ದಲ್ಲೇ ಇಟ್ಟಳು,
ಒಂದು ಕೂದಲೂ ಕಮ್ಮಿಯಾಗದಂತೆ.

ನನ್ನ ರೊಟ್ಟಿ ಕೈಯಲ್ಲೇ ಇತ್ತು.
ಆ ಹನ್ನೊಂದು ಹೆಜ್ಜೆಯನ್ನು ನಡೆದೇ ದಾಟಿದ್ದರೆ
ಬಾಗಿಲಲ್ಲಿ ಚಪ್ಪಲಿ ಸಪ್ಪಳವಾಗುತ್ತಿತ್ತು,
ಒಮ್ಮೆ ಕೆಮ್ಮುತ್ತಿದ್ದೆ,
ಸೆರಗು ಮೇಲೆ ಬರುತ್ತಿತ್ತು.

ಸಂಜೆ, ಎಲ್ಲರೂ ಹೋದ ಮೇಲೆ, ಶೆಡ್ಡಿಗೆ ಹೋದೆ.
ಗಾಳಿಯನ್ನು ಎಲ್ಲಿ ಹಿಡಿದು ಎಳೆಯಬೇಕೋ ನನಗೆ ಗೊತ್ತಿಲ್ಲ.
ತಂತಿ ಗೊತ್ತು.
ಡಬ್ಬಿಯ ನಾಲ್ಕು ಬಾಯಲ್ಲಿ ಮೂರು ತುಂಬಿದ್ದವು.
ಕರಿ ಪೆಟ್ಟಿಗೆಯದರ ಕೊಂಡಿ ಒತ್ತಿ ಎಳೆದೆ.
ಟಕ್ ಅಂದಿತು.

ವಾರ ಬಿಟ್ಟು ಖಾಜಾವಲಿ ದುಡ್ಡಿಗೆ ಬಂದ.
"ಕ್ಯಾಮೆರಾ ಬರವಲ್ದಲ್ರಿ?"
ಹೆಗ್ಗಣ, ಅಂದೆ.
ಆಳೆತ್ತರದ ಕಿಟಕಿಯನ್ನು ನೋಡಿದ,
ಒಂದು ಹಲ್ಲಿನ ಗುರುತೂ ಇಲ್ಲದ ತಂತಿಯ ತುದಿ ನೋಡಿದ,
ನನ್ನನ್ನು ನೋಡಿದ.
ಸೋಂಪು ಜಗಿಯುತ್ತ, ಏನೂ ಅನ್ನದೆ,
ಬಿಲ್ಲು ಬರೆದ, ಮೂರೂ ತಂತಿಗೆ.