ತೂಬಿನವ

ನಲವತ್ತೊಂದು ವರ್ಷ ಬಾಗಿಲು ತೆರೆದೆ, ಮುಚ್ಚಿದೆ,
ಫ್ರೀಸ್‌ಲ್ಯಾಂಡಿನ ಕಾಲುವೆಯಲ್ಲಿ, ಬರುಹೋಗುವ ದೋಣಿಗಳಿಗೆ.
ಮೇಲಿನ ನೀರು, ಕೆಳಗಿನ ನೀರು,
ನಡುವೆ ನಾನು ಮತ್ತು ಓಕ್ ಮರದ ಎರಡು ಕದ.
ಒಳಗೂ ಅಂಥದೊಂದು ಉಂಟೆಂದು
ಯಾರೂ ಹೇಳಿರಲಿಲ್ಲ.

ಮೊಮ್ಮಗಳ ವಯಸ್ಸಿನ ಡಾಕ್ಟರ್ ಹೈಡಮಾ
ಪರದೆಯ ಮೇಲೆ ತೋರಿಸಿದಳು:
ಮೂರು ಎಸಳು, ಮೂರಕ್ಕೂ ಸುಣ್ಣ ಕಟ್ಟಿ
ಪೆನ್ಸಿಲು ತೂರುವಷ್ಟು ಕಿಂಡಿ.
"ಇದನ್ನಿಟ್ಟುಕೊಂಡು ಮೆಟ್ಟಿಲು ಹೇಗೆ ಹತ್ತುತ್ತೀರಿ?"
ಹತ್ತುತ್ತಿರಲಿಲ್ಲ. ಹೋದ ಚಳಿಗಾಲದಿಂದ
ಕೆಳಗಿನ ಸೋಫಾದಲ್ಲೇ ಮಲಗುತ್ತಿದ್ದೆ,
ಮಂಡಿನೋವೆಂದು ಬಾವ್ಕ್ಯಳಿಗೆ ಸುಳ್ಳು ಹೇಳಿ.

ತೊಡೆಸಂದಿಯಿಂದ ಹೋಗಬೇಕಂತೆ. ಆ ದಾರಿಯಲ್ಲೂ ಸುಣ್ಣ.
ಬೆಣ್ಣೆಯ ನಾಡಿನಲ್ಲಿ ಹುಟ್ಟಿದವ ನಾನು,
ಎರಡೂ ಕಣ್ಣಿಗೆ ಬೆಣ್ಣೆ ಹಚ್ಚಿಕೊಂಡೇ ಬದುಕಿದೆ;
ಪಾಲಿನ ಸುಣ್ಣ ಸದ್ದಿಲ್ಲದೆ ಒಳಗೆ ಸೇರಿತ್ತು.

"ಎದೆ ಸೀಳುತ್ತೀರಾ?"
"ಎಂಬತ್ತಮೂರಕ್ಕೆ ಬೇಡ. ಮೊದಲು ದಾರಿ ಬಿಡಿಸೋಣ,
ಸದ್ದಿನಿಂದ."

ಸದ್ದಿನಿಂದ!
ಕೆಲಸಕ್ಕೆ ಸೇರಿದ ವರ್ಷ ಕಾಲುವೆ ಹೆಪ್ಪುಗಟ್ಟಿತ್ತು.
ಮೊದಲು ಸದ್ದು ಬಂತು, ಆಮೇಲೆ ಬಿರುಕು,
ಎಷ್ಟೋ ಹೊತ್ತಿನ ಮೇಲೆ
ಮಂಜುಗಡ್ಡೆ ಒಡೆಯುವ ದೋಣಿಯ ಮೂತಿ.

ಮೇಜಿನ ಮೇಲೆ ಎಚ್ಚರವಾಗಿಯೇ ಇದ್ದೆ.
ಸೊಂಟದ ಕೆಳಗೆ ಟಕ್, ಟಕ್, ಟಕ್,
ಪಕ್ಕದ ಮನೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ.
ಸೀಸದ ಏಪ್ರನ್ನು ತೊಟ್ಟ ಹುಡುಗ ಎಣಿಸುತ್ತಿದ್ದ.

ಹೊಸ ಬಾಗಿಲು ಹಸುವಿನ ಗುಂಡಿಗೆಯ ಪೊರೆಯದು.
ಯಾವ ಹಸು, ಕೇಳಿದೆ. ಅವರಿಗೂ ಗೊತ್ತಿಲ್ಲ.
ಕಪ್ಪುಬಿಳಿಯದೇ ಆಗಿರಲಿ,
ನಮ್ಮ ದಂಡೆಯಲ್ಲಿ ಮೇಯ್ದದ್ದು,
ದೋಣಿ ನೋಡಿ ಬೆದರದ್ದು.

ಆಮೇಲೆ ತಂತಿಯೊಂದರಿಂದ ಗುಂಡಿಗೆಯನ್ನು ಓಡಿಸಿದರು,
ನಿಮಿಷಕ್ಕೆ ನೂರೆಂಬತ್ತು.
ಓಡುವುದರಲ್ಲೇ ಮೈಮರೆತು ಅದು
ಏನನ್ನೂ ಹೊರದಾಯಿತು.
ಮೇಲಿನ ನೀರು ನಿಂತಿತು. ಕೆಳಗಿನದೂ.
ಈ ಗಳಿಗೆ ನನಗೆ ಗೊತ್ತು:
ಮಟ್ಟ ಎರಡೂ ಒಂದಾಗುವಾಗ
ದೋಣಿಯವ ಹಗ್ಗ ಹಿಡಿದು ಸುಮ್ಮನೆ ನಿಂತಿರುತ್ತಾನೆ.
ಆಗ ಮಾತಾಡಬಾರದು.

ಅರಳಿತು.

ಮನೆಗೆ ಬಂದ ರಾತ್ರಿ ಹದಿನಾಲ್ಕು ಮೆಟ್ಟಿಲು ಹತ್ತಿದೆ,
ಏಳನೆಯದರಲ್ಲಿ ನಿಂತೆ, ಬರೀ ಅಭ್ಯಾಸಕ್ಕೆ.
ಬಾವ್ಕ್ಯ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು.
"ಇಲ್ಲೊಂದು ಕಿರುಗುಡುತ್ತಿತ್ತಲ್ಲ?"
"ಹೋಯಿತು."
"ಮತ್ತೆ ಮಂಡಿ?"
"ಅದೂ ವಾಸಿ," ಎಂದೆ.

ಅವಳು ಕಿವಿ ತೆಗೆಯಲಿಲ್ಲ.