ನಾಲ್ಕೂಕಾಲರ ಬೆಳಕು

ಕೊತ್ತನೂರಿನ ಹಾರ್ಡ್‌ವೇರ್ ಅಂಗಡಿಯ ಮೇಲೆ ನಮ್ಮ ಸ್ಟುಡಿಯೊ.
ಪೈಪು ಕೊಯ್ಯುವ ಸದ್ದಿಗೆ ಭಾನುವಾರವೊಂದೇ ರಜೆ.
ಅವತ್ತೇ ಬಂದರು, ಚರ್ಚು ಮುಗಿಸಿಕೊಂಡು:
ನಕಾಟೊ, ನರ್ಸಿಂಗ್ ಕೊನೆಯ ವರ್ಷ;
ವಾಸ್ವಾ, ಅವಳ ಗಂಡ, ಆರು ತಿಂಗಳಾಯಿತಂತೆ.
ಮದುವೆಗೆ ಬರಲಾಗದೆ ಮಸಾಕಾದಲ್ಲೇ ಉಳಿದ ಅವಳಮ್ಮನಿಗೆ
ಒಂದು ಫೋಟೊ ಬೇಕು.

ಕೈ ಎಲ್ಲಿಡಲಿ, ಎಂದ ಅವನು.
ಎಲ್ಲರೂ ಕೇಳುವುದೇ. ಲೆನ್ಸಿನ ಮುಂದೆ ನಿಂತೊಡನೆ
ಸ್ವಂತ ಕೈಗಳು
ಯಾರೋ ಇಟ್ಟು ಹೋದ ಸಾಮಾನಿನಂತಾಗುತ್ತವೆ.

ಅಪ್ಪನಾಗಿದ್ದರೆ, ಭುಜದ ಮೇಲೆ, ಎನ್ನುತ್ತಿದ್ದ.
ಗದ್ದ ಕೆಳಗೆ. ಉಸಿರು ಹಿಡಿ.
ಆಮೇಲೆ ಸಣ್ಣ ಕುಂಚ ತೆಗೆದು
ಮದುಮಗಳ ಕೆನ್ನೆಯನ್ನು ತಿಳಿ ಮಾಡುತ್ತಿದ್ದ,
ಪುಕ್ಕಟೆ, ಅಕ್ಕರೆಯಿಂದಲೇ.
ನನ್ನದನ್ನೂ ಮಾಡಿದ.
ನಮ್ಮ ಆಲ್ಬಮ್ಮಿನಲ್ಲಿ ನನ್ನ ಗಂಡ
ಹಿಟ್ಟಿನಲ್ಲಿ ಹೊರಳಿದ ಯಾರದೋ ಪಕ್ಕ ನಿಂತಿದ್ದಾನೆ.

ಫ್ಲ್ಯಾಶ್ ಆರಿಸಿದೆ.
ನಾಲ್ಕೂಕಾಲಕ್ಕೆ ಎದುರುಮನೆಯ ಸುಣ್ಣದ ಗೋಡೆ
ನಮ್ಮ ಕಿಟಕಿಗೆ ಬಿಸಿಲು ಕೈಗಡ ಕೊಡುತ್ತದೆ.
ಅವಳಿಗಿಂತ ಕಪ್ಪು ಅವನು; ಕಿಟಕಿಯ ಕಡೆ ಅವನನ್ನೇ ಕೂರಿಸಿದೆ.
ಬೆಳಕು ಸಾಲದು, ಎಂದಿತು ಕ್ಯಾಮೆರಾ.
ಪಾಪ, ಅದಕ್ಕೂ ಯಾರೋ ಹಾಗೆ ಕಲಿಸಿದ್ದಾರೆ.
ಕೇಳದೆ, ಇನ್ನೂ ಒಂದು ಮೆಟ್ಟಿಲು ಇಳಿಸಿದೆ.

ಆಗ ಕಂಡಿತು, ಅವಳ ಕೆನ್ನೆಯ ಎಲುಬು, ಅವನ ಹಣೆಯ ಹಳೇ ಗಾಯ.
ಹೋಲಿಕೆ ಹುಡುಕಲಿಲ್ಲ. ಬೆಲ್ಲ, ಕಾಫಿ, ನೇರಳೆ
ನನಗೂ ಹೇಳಿದ್ದಾರೆ;
ಎಲ್ಲಾ ತಿನ್ನುವವರ ಮಾತು.

ಕೈಗಳು ಮಾತ್ರ ಇನ್ನೂ ಅನಾಥ.
ಹೊತ್ತು ಕಳೆಯಲು ಹೆಸರಿನ ಅರ್ಥ ಕೇಳಿದೆ.
ನಕಾಟೊ ಎಂದರೆ ಅವಳಿಯಲ್ಲಿ ಎರಡನೆಯವಳು.
ವಾಸ್ವಾ, ಮೊದಲನೆಯವನು.
ಬೇರೆ ಮನೆ, ಬೇರೆ ಬಸಿರು.
ಅಂದರೆ ಇಬ್ಬರೂ
ಒಬ್ಬರಿಗೊಬ್ಬರು ಒರಗಿಕೊಂಡೇ ಹುಟ್ಟಿದವರಲ್ಲ,
ಬೇರೆ ಯಾರಿಗೋ ಒರಗಿಕೊಂಡು ಹುಟ್ಟಿದವರು!
ಹಾಗಾದರೆ, ಎಂದೆ, ಅಲ್ಲಿ ಹೇಗೆ ಕೂತಿದ್ದಿರೋ ಹಾಗೇ ಕೂತುಕೊಳ್ಳಿ.

ಅವನು ಪೂರ್ತಿ ಭಾರ ಬಿಟ್ಟು ಅವಳ ಬೆನ್ನಿಗೆ ಒರಗಿದ.
ಜಾಸ್ತಿ ಆಯ್ತು, ಎಂದಳು
ಟೊಮೆಟೊ ಗಾಡಿಯ ಮುಂದೆ ಕಲಿತ ಕನ್ನಡದಲ್ಲಿ,
ಮತ್ತು ತಿರುಗಿ ಅವನ ಮೊಣಕಾಲಿಗೆ ಒದ್ದಳು.
ಒತ್ತಿದೆ.

ಚಪ್ಪಲಿ ಕಳಚಿದ ಪಾದ ಮಸುಕಾಗಿದೆ,
ನಗುತ್ತಿರುವ ಅವನ ಬಾಯಿ ಅರ್ಧ ಚೌಕಟ್ಟಿನ ಆಚೆ.
ಅಪ್ಪ ಹರಿದು ಬಿಸಾಡುತ್ತಿದ್ದ.
ಅವಳು ಅದನ್ನೇ ಕಳಿಸಿದಳು.

ಮಂಗಳವಾರ ಅಮ್ಮನ ಧ್ವನಿ ಬಂತು ಫೋನಿನಲ್ಲಿ, ಉದ್ದಕ್ಕೆ, ನಡುನಡುವೆ ನಗು.
ಏನಂತೆ, ಎಂದೆ.
ಮುಖ ಆಮೇಲೆ ನೋಡಿದಳಂತೆ.
ಮೊದಲು ಕಾಲು ಗುರುತು ಸಿಕ್ಕಿತಂತೆ.